ಚುಕ್ಕಿ ಇಡುವ ಕಣ್ಣು

ಬೀದಿ ಬದಿಯಲ್ಲಿ ಮಾರುವಂಥ ಅಗ್ಗದ ತಂಪು ಕನ್ನಡಕ. ಗಾಜು ಕಿತ್ತು ಬರೀ ಚೌಕಟ್ಟು ಉಳಿಸಿದ್ದಾರೆ. ಅದಕ್ಕೆ ಸುತ್ತಿದ ತಂತಿಯನ್ನು ಕೆನ್ನೆಯ ಮುಂದಕ್ಕೆ ಬಾಗಿಸಿ, ತುದಿಗೊಂದು ಪುಟ್ಟ ಕ್ಯಾಮೆರಾ ಕಟ್ಟಿದ್ದಾರೆ. ಪ್ಲೇಸ್ಟೇಷನ್ ಆಟದ ಕ್ಯಾಮೆರಾ ಅದು. ಬಿಚ್ಚಿ, ಅವಕೆಂಪು ಬೆಳಕನ್ನು ತಡೆಯುವ ಗಾಜಿನ ಚೂರನ್ನು ತೆಗೆದುಹಾಕಿದ್ದಾರೆ. ಪಕ್ಕದಲ್ಲಿ ಅವಕೆಂಪು ಎಲ್‌ಇಡಿ. ಸಾಮಾನಿನ ಖರ್ಚು ಸುಮಾರು 50 ಡಾಲರ್.

ಲಾಸ್ ಏಂಜಲೀಸ್, 2009. ಆಸ್ಪತ್ರೆಯ ಹಾಸಿಗೆಯಲ್ಲಿ ಟೋನಿ ಕ್ವಾನ್. ಬೀದಿಗೋಡೆಗಳ ಮೇಲೆ ಬರೆಯುವವರ ನಡುವೆ ಇವರ ಹೆಸರು ಟೆಂಪ್ಟ್ ಒನ್. 2003ರಲ್ಲಿ ಎಎಲ್‌ಎಸ್ ಎಂಬ ನರರೋಗ ಗೊತ್ತಾಯಿತು; ಈಗ ಕಣ್ಣೊಂದೇ ಹೇಳಿದ ಮಾತು ಕೇಳುವುದು. ಝ್ಯಾಕ್ ಲೀಬರ್‌ಮನ್, ಎವನ್ ರಾತ್, ಥಿಯೋ ವಾಟ್ಸನ್ ಮತ್ತು ಗೆಳೆಯರು, ಕ್ವಾನ್ ಕಣ್ಣಿನಿಂದಲೇ ಬರೆಯಲೆಂದು ಕಟ್ಟಿದ ಈ ಕನ್ನಡಕಕ್ಕೆ ‘ಐರೈಟರ್’ ಎಂದು ಹೆಸರು.

ಅವಕೆಂಪು ಬೆಳಕಿನಲ್ಲಿ ಪಾಪೆ ಕಪ್ಪು ಬಿಲ್ಲೆಯಾಗಿ ಎದ್ದು ಕಾಣುತ್ತದೆ. ತಂತ್ರಾಂಶ ಆ ಬಿಲ್ಲೆಯ ಬೆನ್ನು ಹತ್ತುತ್ತದೆ. ಮೊದಲು ಎದುರಿನ ಕಂಪ್ಯೂಟರ್ ಪರದೆಯ ಬಿಂದುಗಳನ್ನು ಒಂದೊಂದಾಗಿ ದಿಟ್ಟಿಸಬೇಕು. ಪಾಪೆ ಎಲ್ಲಿದ್ದರೆ ನೋಟ ಎಲ್ಲಿದೆ ಎಂಬ ಲೆಕ್ಕ ಹೀಗೆ ಕೂಡುತ್ತದೆ. ಕನ್ನಡಕ ಕೊಂಚ ಜಾರಿತೋ, ಮತ್ತೆ ಮೊದಲಿಂದ.

ಇಷ್ಟಾದರೂ ಕಣ್ಣು ಕೈಯಲ್ಲ. ಖಾಲಿ ಗೋಡೆಯ ಮೇಲೆ ಕಣ್ಣಿನಿಂದಲೇ ‘ಅ’ ಬರೆದು ನೋಡಿ. ನಿಮಗೇನೋ ದುಂಡಗೆ ಬರೆದಂತೆಯೇ ಅನ್ನಿಸುತ್ತದೆ. ಗುಡ್ಡೆ ಕುಪ್ಪಳಿಸಿದ್ದು ಎದುರು ಕೂತವರಿಗೆ ಗೊತ್ತು. ಸುಮ್ಮನೆ ನೋಡುವಾಗಲೂ ಅದು ಸೆಕೆಂಡಿಗೆ ಸುಮಾರು ಮೂರು ಸಲ ಜಿಗಿಯುತ್ತದೆ. ಇನ್ನು, ಬಾಗಿಲಲ್ಲಿ ಯಾರೋ ಬಂದರೆಂದು ನೋಟ ಅತ್ತ ಹಾಯ್ದರೆ ಅಲ್ಲೊಂದು ಗೆರೆ ಬೀಳಬಾರದಲ್ಲ!

ಅದಕ್ಕೇ ಇಲ್ಲಿ ಚುಕ್ಕಿ ರಂಗೋಲಿಯ ಉಪಾಯ. ಒಂದು ಕಡೆ ನೋಟ ನೆಟ್ಟು ತುಸು ಹೊತ್ತು ನಿಂತರೆ ಚುಕ್ಕಿ. ಮುಂದಿನ ಜಾಗದಲ್ಲಿ ನಿಂತರೆ ಇನ್ನೊಂದು. ನಡುವಿನ ಗೆರೆಯನ್ನು ಯಂತ್ರ ಎಳೆಯುತ್ತದೆ. ಎಷ್ಟು ಹೊತ್ತು ನಿಲ್ಲಬೇಕು? ಕ್ಯಾಮೆರಾ, ತಂತಿ ಜೋಡಿಸಲು ಅನೇಕರಿಗೆ ಬರುತ್ತದೆ. ನನ್ನ ಮಟ್ಟಿಗೆ ಕುಸುರಿ ಕೆಲಸವಿರುವುದು ಈ ಒಂದು ಲೆಕ್ಕದಲ್ಲಿ. ಕಡಿಮೆಯಾದರೆ ಕಂಡಕಂಡಲ್ಲೆಲ್ಲ ಚುಕ್ಕಿ, ಹೆಚ್ಚಾದರೆ ಕಣ್ಣಲ್ಲಿ ನೀರು.

ರಾತ್ರಿ. ಊರ ನಡುವಿನ ಕಟ್ಟಡವೊಂದರ ಗೋಡೆಗೆ ಪ್ರೊಜೆಕ್ಟರ್ ತಿರುಗಿಸಿಟ್ಟು ಗೆಳೆಯರು ಕತ್ತೆತ್ತಿ ನಿಂತಿದ್ದಾರೆ. ಅತ್ತ ಹಾಸಿಗೆಯಲ್ಲಿ ನೋಟವೊಂದು ನಿಲ್ಲುತ್ತದೆ, ಸರಿಯುತ್ತದೆ, ಮತ್ತೆ ನಿಲ್ಲುತ್ತದೆ. ಇತ್ತ ಗೋಡೆಯ ಮೇಲೆ, ಆಳೆತ್ತರ ಮೀರಿ, ಬೆಳಕಿನ ಗೆರೆಯೊಂದು ಮೂಡಿ ಮುಂದಿನ ಚುಕ್ಕಿಗೆ ಕಾಯುತ್ತದೆ.