ಪ್ಯಾಚ್ ಬೇ

ಪ್ಯಾಚ್ ಬೇ ಎಂಬುದು ಧ್ವನಿಮುದ್ರಣ ಉಪಕರಣಗಳ ತಂತಿಗಳನ್ನೆಲ್ಲ ಒಂದೆಡೆ ಸೇರಿಸುವ ಜೋಡಣಾ ಫಲಕ. ಹಿಂದೆ ದೂರವಾಣಿ ಕೇಂದ್ರಗಳಲ್ಲಿ ಟ್ರಂಕ್ ಕಾಲ್ ಜೋಡಿಸುತ್ತಿದ್ದ ಸ್ವಿಚ್‌ಬೋರ್ಡೇ ಇದರ ಮೂಲ, 6.35 ಮಿ.ಮೀ. ಜ್ಯಾಕ್ ಸಹ ಅಲ್ಲಿಂದಲೇ ಬಂದುದು. ಮನೆಯ ಸ್ಟುಡಿಯೋಗಳಲ್ಲಿ ಸಾಮಾನ್ಯವಾಗಿ ತಲಾ 24 ರಂಧ್ರಗಳ ಎರಡು ಸಾಲುಗಳ ಫಲಕವಿರುತ್ತದೆ. ಅದರ ಹಿಂಬದಿಯಲ್ಲಿ ಉಪಕರಣಗಳ ಔಟ್‌ಪುಟ್‌ಗಳನ್ನು ಮೇಲಿನ ಸಾಲಿಗೂ ಇನ್‌ಪುಟ್‌ಗಳನ್ನು ಕೆಳಗಿನ ಸಾಲಿಗೂ ಜೋಡಿಸುವುದು ರೂಢಿ.

'ಹಾಫ್ ನಾರ್ಮಲ್' ವಿಧಾನದಲ್ಲಿ, ಮುಂಬದಿಯಲ್ಲಿ ಏನನ್ನೂ ಸಿಕ್ಕಿಸದಿದ್ದಾಗ ಮೇಲಿನ ಸಂಕೇತವು ತಾನಾಗಿಯೇ ಕೆಳಗಿನ ಸಾಲಿಗೆ ಸಾಗುತ್ತದೆ. ಮೇಲಿನ ರಂಧ್ರಕ್ಕೆ ಪ್ಲಗ್ ಹಾಕಿದರೆ ಸಂಕೇತ ಕವಲೊಡೆಯುತ್ತದೆ. ಕೆಳಗಿನದಕ್ಕೆ ಹಾಕಿದರೆ ಹಳೆಯ ಸಂಪರ್ಕ ಕಡಿಯುತ್ತದೆ. ಹೊಸಬರಿಗೆ ಇದೇ ಅನುಕೂಲ.

ಮೈಕ್‌ಗೆ ನೀಡುವ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ತನ್ನು ಮಾತ್ರ ಇಂತಹ ಜ್ಯಾಕ್‌ಗಳ ಮೂಲಕ ಹರಿಸಬಾರದು. ಪ್ಲಗ್ ಸಿಕ್ಕಿಸುವಾಗ ಸಂಪರ್ಕಬಿಂದುಗಳು ಕ್ಷಣಕಾಲ ಒಂದಕ್ಕೊಂದು ತಾಗಿ ಉಪಕರಣ, ವಿಶೇಷವಾಗಿ ರಿಬ್ಬನ್ ಮೈಕ್, ಕೆಡಬಹುದು. ಮೈಕ್ ತಂತಿಯನ್ನು ನೇರವಾಗಿ ಪ್ರಿ-ಆಂಪ್‌ಗೆ ಜೋಡಿಸುವುದು ಲೇಸು.