ಸರ್ ಬನಿ ಯಾಸ್ ಮಠ: ದಾಳಿಯಿಲ್ಲದೆ ಬರಿದಾದ ನೆಲೆ

ಕಾಸರಗೋಡಿನವನಾದ ನಾನು ಅಬುಧಾಬಿಯಲ್ಲಿ ಕೆಲಸಕ್ಕಿದ್ದಾಗ ಸರ್ ಬನಿ ಯಾಸ್ ದ್ವೀಪದ ಪ್ರಾಚೀನ ಕ್ರೈಸ್ತ ಮಠದ ಅವಶೇಷಗಳನ್ನು ನೋಡಿ ಬಂದೆ. 1992ರಲ್ಲಿ ಪತ್ತೆಯಾಗಿ, 2010ರಲ್ಲಿ ಸಾರ್ವಜನಿಕರಿಗೆ ತೆರೆದ ಜಾಗವದು. ಈಗ ಉಳಿದಿರೋದು ತಗ್ಗು ಗೋಡೆಗಳು: ನಡುವೆ ಚರ್ಚು, ಸುತ್ತ ಸನ್ಯಾಸಿಗಳ ಕೋಣೆಗಳು. ಗಾರೆಯಲ್ಲಿ ಮೂಡಿಸಿದ ಶಿಲುಬೆಗಳಿಂದ ಇದು ಕ್ರೈಸ್ತರ ನೆಲೆಯೆಂದು ಗೊತ್ತಾಯ್ತು. ಪೂರ್ವ ಸಿರಿಯನ್ ಸಂಪ್ರದಾಯದ ಈ ಸನ್ಯಾಸಿಗಳು ಇಸ್ಲಾಂ ಹರಡಿದ ಮೇಲೂ, 8ನೇ ಶತಮಾನದವರೆಗೆ, ಇಲ್ಲಿದ್ದರು.

ಯಾರೋ ದಾಳಿ ಮಾಡಿ ಕೆಡವಿರಬೇಕು ಅಂತ ನಾನಂದುಕೊಂಡಿದ್ದೆ. ಉತ್ಖನನದಲ್ಲಿ ಅಂಥ ಗುರುತು ಸಿಗಲಿಲ್ಲ, ಇದ್ದವರೇ ಬಿಟ್ಟುಹೋಗಿದ್ದಾರೆ.

ಗಡಿನಾಡಿನ ಕನ್ನಡ ಶಾಲೆಗಳ ಬಗ್ಗೆ ಮಾತಾಡುವಾಗ ‘ಯಾರು ಮುಚ್ಚಿಸಿದರು’ ಎಂದು ಕೇಳುತ್ತೇವೆ. ಕೇಳಲೇಬೇಕು. ಆದರೆ ನಾವು ಯಾವಾಗಿನಿಂದ ಮಕ್ಕಳನ್ನು ಕಳಿಸೋದು ಬಿಟ್ಟೆವು ಅನ್ನೋದನ್ನೂ ದಾಖಲಿಸಬೇಕಲ್ವಾ?