ತೂಕ ಇಳಿದಷ್ಟೂ ಹಸಿವು ಏರುತ್ತದೆ

ಸಕ್ಕರೆ ಕಾಯಿಲೆಗೆ ಕೊಡುವ ಮಾತ್ರೆಗಳಲ್ಲಿ ಕ್ಯಾನಾಗ್ಲಿಫ್ಲೋಜಿನ್ ಎಂಬುದೊಂದಿದೆ. ರಕ್ತದಲ್ಲಿ ಹೆಚ್ಚಾದ ಗ್ಲೂಕೋಸನ್ನು ಅದು ಮೂತ್ರದ ದಾರಿಯಲ್ಲಿ ಹೊರಗೆ ಕಳಿಸುತ್ತದೆ. ದಿನಕ್ಕೆ ಸುಮಾರು 90 ಗ್ರಾಂ, ಅಂದರೆ 360 ಕ್ಯಾಲರಿ. ಮೂರು ಚಪಾತಿಯಷ್ಟು ಶಕ್ತಿ ದಿನವೂ ಸದ್ದಿಲ್ಲದೆ ಸೋರಿಹೋಗುತ್ತದೆ, ನುಂಗಿದವರಿಗೆ ಅದರ ಅರಿವೇ ಇರುವುದಿಲ್ಲ. ಒಂದು ಕಿಲೋ ಕೊಬ್ಬಿಗೆ 7,700 ಕ್ಯಾಲರಿ ಎಂಬ ಎಲ್ಲರಿಗೂ ಗೊತ್ತಿರುವ ಲೆಕ್ಕ ಹಿಡಿದರೆ ವರ್ಷಕ್ಕೆ 17 ಕಿಲೋ ಇಳಿಯಬೇಕು. ಪ್ರಯೋಗದಲ್ಲಿ ಇಳಿದದ್ದು ಮೂರು ನಾಲ್ಕು ಕಿಲೋ. ಆಮೇಲೆ ತೂಕ ಕದಲಲಿಲ್ಲ.

ಉಳಿದ ಹದಿಮೂರು ಕಿಲೋ ಏನಾಯಿತು? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಅವರ ಸಂಗಡಿಗರು 2016ರಲ್ಲಿ ಇದರ ಲೆಕ್ಕ ಬಿಡಿಸಿದರು. ಮಾತ್ರೆ ತಿಂದವರು ತಮಗೇ ತಿಳಿಯದಂತೆ ಊಟ ಹೆಚ್ಚಿಸಿಕೊಂಡಿದ್ದರು. ತೂಕ ಒಂದು ಕಿಲೋ ಇಳಿದರೆ ದೇಹ ಖರ್ಚು ಮಾಡುವ ಶಕ್ತಿ ದಿನಕ್ಕೆ 20ರಿಂದ 30 ಕ್ಯಾಲರಿ ಕಡಿಮೆಯಾಗುತ್ತದೆ, ಇದು ಹಿಂದೆಯೇ ಗೊತ್ತಿತ್ತು. ಹೊಸದಾಗಿ ಗೊತ್ತಾದದ್ದು ಹಸಿವಿನ ವಿಷಯ: ಇಳಿದ ಪ್ರತಿ ಕಿಲೋಗೂ ದಿನಕ್ಕೆ ಸುಮಾರು 100 ಕ್ಯಾಲರಿಯಷ್ಟು ಹೆಚ್ಚು ತಿನ್ನುವಂತೆ ಅದು ಒತ್ತಾಯಿಸುತ್ತದೆ. ಇವರು ಯಾರೂ ಪಥ್ಯದಲ್ಲಿರಲಿಲ್ಲ ಎಂಬುದನ್ನು ಗಮನಿಸಬೇಕು. ಯಾವುದನ್ನೂ ಬಿಟ್ಟಿರಲಿಲ್ಲವಾದ್ದರಿಂದ ಬಿಟ್ಟದ್ದರ ಮೇಲೆ ಆಸೆ ಹುಟ್ಟುವ ಪ್ರಶ್ನೆಯೂ ಇರಲಿಲ್ಲ. ಹಾಗಿದ್ದರೂ ದೇಹ ಕಳೆದುಕೊಂಡದ್ದನ್ನು ವಸೂಲಿ ಮಾಡಿತು.

ಈಗ ಮಗಳ ಮದುವೆಯೊಳಗೆ ಎಂಟು ಕಿಲೋ ಇಳಿಸಿದ ಅಮ್ಮನನ್ನು ನೆನೆಸಿಕೊಳ್ಳಿ. ಅವರ ಹಸಿವು ಮೊದಲಿಗಿಂತ ದಿನಕ್ಕೆ 800 ಕ್ಯಾಲರಿ ಹೆಚ್ಚು ಕೇಳುತ್ತಿದೆ, ಖರ್ಚು 200 ಕಡಿಮೆಯಾಗಿದೆ. ಆರು ತಿಂಗಳಲ್ಲಿ ತೂಕ ಮರಳಿದರೆ ನಾವು ಬಾಯಿಚಪಲ ಎನ್ನುತ್ತೇವೆ, ಅವರೂ ಹಾಗೆಯೇ ಅಂದುಕೊಳ್ಳುತ್ತಾರೆ. ಮೆಲ್ಬರ್ನ್‌ನ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತು ವಾರದ ಬಿಗಿ ಪಥ್ಯದಿಂದ ಸರಾಸರಿ 13 ಕಿಲೋಗೂ ಹೆಚ್ಚು ಇಳಿಸಿದವರ ರಕ್ತವನ್ನು ಒಂದು ವರ್ಷದ ಮೇಲೆ ಮತ್ತೆ ನೋಡಿದ್ದರು. ಹಸಿವೆ ಹುಟ್ಟಿಸುವ ಗ್ರೆಲಿನ್ ಇನ್ನೂ ಏರಿಯೇ ಇತ್ತು, ಸಾಕು ಎನ್ನಿಸುವ ಲೆಪ್ಟಿನ್ ಇನ್ನೂ ಇಳಿದೇ ಇತ್ತು. ಪಥ್ಯ ಮುಗಿದು ವರ್ಷವಾದರೂ ದೇಹಕ್ಕೆ ಬರಗಾಲ ಮುಗಿದಿರಲಿಲ್ಲ.

ಬರಗಾಲ ಎಂದದ್ದು ಬರಿಯ ಮಾತಲ್ಲ. ಎರಡನೇ ಮಹಾಯುದ್ಧದ ಕೊನೆಗೆ ಯುರೋಪಿನ ಉಪವಾಸಪೀಡಿತರಿಗೆ ಹೇಗೆ ಊಟ ಕೊಡಬೇಕೆಂದು ತಿಳಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಮಿನಿಸೋಟ ವಿಶ್ವವಿದ್ಯಾಲಯದ ಕ್ರೀಡಾಂಗಣದ ಕೆಳಗಿನ ಕೋಣೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಯುದ್ಧ ಮಾಡುವುದಿಲ್ಲ ಎಂದು ಆತ್ಮಸಾಕ್ಷಿಯ ಕಾರಣಕ್ಕೆ ನಿರಾಕರಿಸಿದ್ದ 36 ಯುವಕರು ತಾವಾಗಿ ಬಂದಿದ್ದರು. 1945ರ ಫೆಬ್ರವರಿಯಿಂದ 24 ವಾರ ದಿನಕ್ಕೆ ಸುಮಾರು 1,570 ಕ್ಯಾಲರಿ, ವಾರಕ್ಕೆ 35 ಕಿಲೋಮೀಟರ್ ನಡಿಗೆ. ತೂಕದಲ್ಲಿ ಕಾಲು ಭಾಗ ಕರಗಿತು. ಅದಕ್ಕಿಂತ ಹೆಚ್ಚಾಗಿ ಮನಸ್ಸು ಬದಲಾಯಿತು. ತಟ್ಟೆ ನೆಕ್ಕತೊಡಗಿದರು. ಅಡುಗೆಪುಸ್ತಕ ಕಂಡರೆ ಆಗದಿದ್ದವರು ಅವನ್ನು ಕೊಂಡು ರಾಶಿ ಹಾಕಿಕೊಂಡರು. ಮಾತು, ಕನಸು ಎಲ್ಲ ಊಟದ್ದೇ. ನಿರ್ಬಂಧ ತೆಗೆದ ಮೇಲೆ ಹೊಟ್ಟೆ ಬಿರಿಯುವಷ್ಟು ತಿಂದರೂ ಹಸಿವು ಇಂಗದವರಿದ್ದರು. ಕೆಲವು ತಿಂಗಳಲ್ಲಿ ಕೊಬ್ಬು ಮೊದಲಿಗಿಂತ ಹೆಚ್ಚೇ ಸೇರಿತು. ಅವರು ತೆಳ್ಳಗಿನ ಹುಡುಗರು, ಬೊಜ್ಜಿನವರಲ್ಲ, ಹಾಗಾಗಿ ಎಲ್ಲವನ್ನೂ ನಮಗೆ ಅನ್ವಯಿಸಲಾಗದು. ಆದರೂ ಇಂದು ಮೊಬೈಲಿನಲ್ಲಿ ಹರಿದಾಡುವ ಡಯಟ್ ಚಾರ್ಟುಗಳಲ್ಲಿ 1,200 ಕ್ಯಾಲರಿಯವು ಎಷ್ಟಿಲ್ಲ! ವಿಜ್ಞಾನಿಗಳು ಉಪವಾಸದ ಪ್ರಯೋಗ ಎಂದು ಕರೆದದ್ದಕ್ಕಿಂತ ಕಡಿಮೆ ಊಟವನ್ನು ನಾವು ಆರೋಗ್ಯದ ಹೆಸರಿನಲ್ಲಿ ಮಾಡುತ್ತಿದ್ದೇವೆ.

ಮೊದಲ ವಾರ ಎರಡು ಮೂರು ಕಿಲೋ ಥಟ್ಟನೆ ಇಳಿಯುವುದು ನಿಜ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಅರ್ಧ ಕಿಲೋದಷ್ಟು ಪಿಷ್ಟ ಕೂಡಿಟ್ಟಿರುತ್ತದೆ, ಅದರ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು. ಊಟ ಬಿಗಿ ಮಾಡಿದರೆ ಮೊದಲು ಖಾಲಿಯಾಗುವುದು ಈ ಉಗ್ರಾಣ. ಏಳು ದಿನದ ಪವಾಡಗಳ ಬಂಡವಾಳವೆಲ್ಲ ಈ ನೀರೇ. ಎಂಟನೇ ದಿನ ಅನ್ನ ಸಾರು ಉಂಡರೆ ವಾಪಸು ಬರುತ್ತದೆ.

ಹಸಿವೇ ಎದುರಾಳಿಯಾದ ಮೇಲೆ ಅದನ್ನು ಹಲ್ಲುಕಚ್ಚಿ ತಡೆದುಕೊಳ್ಳುವುದು ಒಂದು ದಾರಿ. ಅದು ಏಳುವುದನ್ನೇ ಕಡಿಮೆ ಮಾಡುವುದು ಇನ್ನೊಂದು. ಸರಳ ಅಭ್ಯಾಸಗಳ ಮಾತು ನಿಜಕ್ಕೂ ಸೇರುವುದು ಎರಡನೆಯದಕ್ಕೆ. ಬಿಸಿನೀರಿಗೆ ಜೇನು, ನಿಂಬೆ ಹಾಕಿ ಕುಡಿದರೆ ಕೊಬ್ಬು ಕರಗುತ್ತದೆ ಎಂಬುದೂ ಸರಳ ಅಭ್ಯಾಸವೇ, ಆದರೆ ಅದರಲ್ಲಿರುವುದು ಸಕ್ಕರೆ ಮತ್ತು ಸಮಾಧಾನ. ಅಭ್ಯಾಸ ಸರಳವಾಗಿದ್ದರೆ ಸಾಲದು, ಹಸಿವಿನ ಮೇಲೆ ಅದರ ಹಿಡಿತವಿರಬೇಕು.

2019ರಲ್ಲಿ ಕೆವಿನ್ ಹಾಲ್ ಅವರೇ 20 ಜನರನ್ನು ನಾಲ್ಕು ವಾರ ಆಸ್ಪತ್ರೆಯಲ್ಲಿಟ್ಟುಕೊಂಡು ಊಟ ಹಾಕಿದರು. ಎರಡು ವಾರ ಪ್ಯಾಕೆಟ್ಟಿನ, ಕಾರ್ಖಾನೆಯಲ್ಲಿ ಸಂಸ್ಕರಿಸಿದ ತಿನಿಸು. ಎರಡು ವಾರ ಮನೆಯಡುಗೆಯಂಥದು. ಬಡಿಸಿದ್ದರಲ್ಲಿ ಸಕ್ಕರೆ, ಕೊಬ್ಬು, ನಾರು, ಉಪ್ಪು ಎರಡರಲ್ಲೂ ಸರಿಸಮ, ಬೇಕಾದಷ್ಟು ತಿನ್ನಬಹುದು. ಪ್ಯಾಕೆಟ್ ತಿನಿಸಿನ ವಾರಗಳಲ್ಲಿ ಅದೇ ಜನ ದಿನಕ್ಕೆ 500 ಕ್ಯಾಲರಿ ಹೆಚ್ಚು ತಿಂದರು, ಎರಡೇ ವಾರಕ್ಕೆ ಸುಮಾರು 900 ಗ್ರಾಂ ಕೂಡಿಕೊಂಡರು. ಇನ್ನೊಂದರಲ್ಲಿ ಅಷ್ಟೇ ಇಳಿದರು. ಯಾರಿಗೂ ಸಂಯಮದ ಪಾಠ ಹೇಳಿರಲಿಲ್ಲ. ಪ್ಯಾಕೆಟ್ ತಿನಿಸು ಮೆತ್ತಗಿರುತ್ತದೆ, ಬೇಗ ಬೇಗ ಒಳಗೆ ಹೋಗುತ್ತದೆ. ಸಾಕು ಎಂಬ ಸುದ್ದಿ ಮಿದುಳಿಗೆ ಮುಟ್ಟುವಷ್ಟರಲ್ಲಿ ತಟ್ಟೆ ಖಾಲಿಯಾಗಿರುತ್ತದೆ ಎಂಬುದು ಅವರ ಊಹೆಗಳಲ್ಲೊಂದು. ಸಂಜೆ ನಾಲ್ಕಕ್ಕೆ ಬಿಸ್ಕತ್ತಿನ ಪೊಟ್ಟಣ ಒಡೆಯುವ ಬದಲು ಒಂದು ಹಿಡಿ ಹುರಿಗಡಲೆಯನ್ನೋ ಬೇಯಿಸಿದ ಕಡಲೆಕಾಯನ್ನೋ ಮುಂದಿಟ್ಟುಕೊಂಡರೆ ಅಗಿಯುವುದಕ್ಕಾದರೂ ಹೊತ್ತು ಹಿಡಿಯುತ್ತದೆ.

ನಮ್ಮ ಮನೆಯಡುಗೆಗೂ ಒಂದು ಕೊರತೆಯಿದೆ. 2025ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ಭಾರತೀಯರ ಊಟದ ಶಕ್ತಿಯಲ್ಲಿ ಶೇ 62ರಷ್ಟು ಪಿಷ್ಟ, ಸಕ್ಕರೆಗಳಿಂದಲೇ ಬರುತ್ತದೆ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅನ್ನ, ನಡುವೆ ನೆಂಚಿಕೊಳ್ಳಲು ಒಂದು ಚಮಚ ಪಲ್ಯ. ಪ್ರೋಟೀನು ಹೆಚ್ಚಿದ್ದರೆ ಹೊಟ್ಟೆ ಬೇಗ ತುಂಬಿದಂತಾಗುತ್ತದೆ, ಬಹಳ ಹೊತ್ತು ತುಂಬಿರುತ್ತದೆ. ಅದನ್ನು ಜೀರ್ಣಿಸಿಕೊಳ್ಳುವುದಕ್ಕೇ ಅದರ ಶಕ್ತಿಯ ಶೇ 20ರಿಂದ 30 ಭಾಗ ಖರ್ಚಾಗುತ್ತದೆ. ಪಿಷ್ಟಕ್ಕಾದರೆ 5ರಿಂದ 10. ಇದಕ್ಕೆ ಡಬ್ಬಿಯ ಪುಡಿ ಬೇಕಿಲ್ಲ. ಮೊಳಕೆ ಹುರುಳಿ ಸಾರು, ಅವರೆಕಾಳು ಉಸಲಿ, ಕಡಲೆಕಾಳಿನ ಹುಳಿ, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು. ಬಾಳೆಲೆಯ ಮೇಲೆ ಅನ್ನಕ್ಕೆ ಮೊದಲು ಕೋಸಂಬರಿ, ಪಲ್ಯ ಬಡಿಸುವವರು ವಿಜ್ಞಾನ ಓದಿದವರಲ್ಲ, ಆದರೆ ತರಕಾರಿ, ಪ್ರೋಟೀನು ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ರಕ್ತದ ಸಕ್ಕರೆ ಕಡಿಮೆ ಏರುತ್ತದೆ ಎಂಬುದು ಈಗ ಪ್ರಯೋಗಗಳಲ್ಲಿ ಕಂಡಿದೆ. ಕಷ್ಟವೆಂದರೆ ಕೋಸಂಬರಿಯನ್ನು ಅನ್ನ ಬರುವವರೆಗೆ ಯಾರೂ ಮುಟ್ಟುವುದಿಲ್ಲ.

ಮುದ್ದೆ ಉಣ್ಣುವವರು ಇಲ್ಲಿ ಮೀಸೆ ತಿರುವಬೇಕಿಲ್ಲ. ತೂಕಕ್ಕೆ ತೂಕ ಹಿಡಿದರೆ ರಾಗಿಹಿಟ್ಟಿಗೂ ಅಕ್ಕಿಗೂ ಕ್ಯಾಲರಿಯಲ್ಲಿ ದೊಡ್ಡ ಅಂತರವಿಲ್ಲ. ರಾಗಿಯಲ್ಲಿ ನಾರು ಹೆಚ್ಚು, ಅಷ್ಟು ಲಾಭ. ಮುದ್ದೆಯ ಜೊತೆಗಿನ ಬಸ್ಸಾರಿನಲ್ಲಿ ಸೊಪ್ಪು, ಕಾಳು ಎಷ್ಟಿದೆ ಎಂಬುದೇ ಮುಖ್ಯ.

ಕಾಫಿಯ ಲೆಕ್ಕವನ್ನೂ ನೋಡಿಬಿಡೋಣ. ದಿನಕ್ಕೆ ನಾಲ್ಕು ಕಾಫಿ, ಒಂದಕ್ಕೆ ಎರಡು ಚಮಚ ಸಕ್ಕರೆ ಎಂದರೆ ಸುಮಾರು 140 ಕ್ಯಾಲರಿ. ಅದನ್ನು ಅರ್ಧಕ್ಕಿಳಿಸಿದರೆ ದಿನಕ್ಕೆ 70 ಉಳಿತಾಯ. 7,700ರ ಲೆಕ್ಕ ವರ್ಷಕ್ಕೆ ಮೂರು ಕಿಲೋಗೂ ಹೆಚ್ಚು, ಐದು ವರ್ಷಕ್ಕೆ ಹದಿನಾರು ಎನ್ನುತ್ತದೆ. ಅದು ಸುಳ್ಳು, ಏಕೆಂದರೆ ತೂಕ ಇಳಿದಂತೆ ಖರ್ಚೂ ಇಳಿಯುತ್ತದೆ. 2011ರಲ್ಲಿ ಬಂದ ತಿದ್ದಿದ ಲೆಕ್ಕದ ಪ್ರಕಾರ ದಿನಕ್ಕೆ 24 ಕ್ಯಾಲರಿಯ ಶಾಶ್ವತ ಕಡಿತಕ್ಕೆ ಕೊನೆಗೆ ಸಿಗುವುದು ಒಂದು ಕಿಲೋ, ಅದರಲ್ಲಿ ಅರ್ಧ ಇಳಿಯಲು ಒಂದು ವರ್ಷ, ಬಹುತೇಕ ಪೂರ್ತಿಯಾಗಲು ಮೂರು ವರ್ಷ. ಅಂದರೆ ಕಾಫಿಯಿಂದ ಮೂರು ವರ್ಷಕ್ಕೆ ಮೂರು ಕಿಲೋ. ಜಾಹೀರಾತಿಗೆ ಹಾಕುವಂಥ ಅಂಕಿಯಲ್ಲ. ಕುಡಿದ ಸಕ್ಕರೆ ಹೊಟ್ಟೆ ತುಂಬಿಸುವುದಿಲ್ಲವಾದ್ದರಿಂದ ಅದು ಹೋದದ್ದು ಹಸಿವಿಗೆ ಅಷ್ಟಾಗಿ ತಿಳಿಯುವುದೂ ಇಲ್ಲ ಎಂಬುದು ಇದರ ಬಲ. ಬೈಟೂ ಕಾಫಿ ಕುಡಿಯುವ ಬೆಂಗಳೂರಿಗರು ಅರ್ಧ ದಾರಿ ಈಗಾಗಲೇ ಬಂದಿದ್ದಾರೆ.

ನಾಲಗೆ ಒಗ್ಗಲು ಸಮಯ ಬೇಕು. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದ ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ಯೋಚಿಸದೆಯೇ ನಡೆಯುವಷ್ಟು ರೂಢಿಯಾಗಲು ನಡುಮಟ್ಟದಲ್ಲಿ 66 ದಿನ ಹಿಡಿಯಿತು. ಒಬ್ಬರಿಂದೊಬ್ಬರಿಗೆ 18ರಿಂದ 254 ದಿನದವರೆಗೆ ವ್ಯತ್ಯಾಸ. 21 ದಿನ ಎಂದು ಕೊರೆಯುವ ಭಾಷಣಕಾರರು ಇದನ್ನು ಓದಿದಂತಿಲ್ಲ. ನಡುವೆ ಒಂದು ದಿನ ತಪ್ಪಿದ್ದರಿಂದ ಏನೂ ಕೆಡಲಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿದೆ. ಹಬ್ಬದ ದಿನ ಹೋಳಿಗೆ ತಿಂದು, ವ್ರತ ಮುರಿಯಿತಲ್ಲ ಎಂದು ಎಲ್ಲವನ್ನೂ ಕೈಬಿಡುವವರು ಇದನ್ನು ನೆನಪಿಟ್ಟುಕೊಳ್ಳಬಹುದು.

ಹಸಿವಿನ ಮೇಲೆ ನೇರ ಹಿಡಿತವಿರುವ ಇನ್ನೊಂದು ಸಂಗತಿ ನಿದ್ದೆ. ಅದಕ್ಕೆ ಖರ್ಚೂ ಇಲ್ಲ, ಸಂಯಮವೂ ಬೇಡ. ಷಿಕಾಗೋದ ಎಸ್ರಾ ತಸಾಲಿ ಅವರ ತಂಡ ಆರೂವರೆ ಗಂಟೆಗಿಂತ ಕಡಿಮೆ ನಿದ್ರಿಸುವ, ತೂಕ ಹೆಚ್ಚಿದ್ದ 80 ಜನರನ್ನು ಆರಿಸಿ, ಅರ್ಧ ಜನರಿಗೆ ಹೆಚ್ಚು ಮಲಗುವುದು ಹೇಗೆಂದು ಮಾತ್ರ ಹೇಳಿಕೊಟ್ಟಿತು. ಊಟದ ಬಗ್ಗೆ ಒಂದು ಮಾತೂ ಇಲ್ಲ. ಎರಡು ವಾರ ಅವರು ಒಂದು ಗಂಟೆಗೂ ಹೆಚ್ಚು ನಿದ್ದೆ ಗಳಿಸಿದರು, ಉಳಿದವರಿಗಿಂತ ದಿನಕ್ಕೆ 270 ಕ್ಯಾಲರಿ ಕಡಿಮೆ ತಿಂದರು. ಇದು ಪ್ರಕಟವಾದದ್ದು 2022ರಲ್ಲಿ. ರಾತ್ರಿ ಹನ್ನೆರಡರವರೆಗೆ ಧಾರಾವಾಹಿ ನೋಡಿ ಐದಕ್ಕೆದ್ದು ಜಿಮ್ಮಿಗೆ ಓಡುವವರು ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಿತ್ತುಕೊಳ್ಳುತ್ತಿದ್ದಾರೆ.

ನಡಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲಾಲ್‌ಬಾಗಿನಲ್ಲಿ ಒಂದು ಗಂಟೆ ಬಿರುಸಾಗಿ ನಡೆದರೆ ಕರಗುವ 200, 250 ಕ್ಯಾಲರಿಯನ್ನು ಗೇಟಿನಾಚೆಯ ಮಸಾಲೆ ದೋಸೆ ಕುಳಿತಲ್ಲೇ ತುಂಬಿಕೊಡುತ್ತದೆ. ಹತ್ತು ಸಾವಿರ ಹೆಜ್ಜೆಯ ಗುರಿ ಹುಟ್ಟಿದ್ದೂ ಪ್ರಯೋಗಾಲಯದಲ್ಲಲ್ಲ, 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆಯೆಣಿಕೆ ಯಂತ್ರದ ಹೆಸರಿನಲ್ಲಿ. ಇಳಿಸಿದ ತೂಕವನ್ನು ಉಳಿಸಿಕೊಳ್ಳುವಾಗ ಮಾತ್ರ ನಡಿಗೆಯ ಬೆಲೆ ತಿಳಿಯುತ್ತದೆ. ಹದಿಮೂರು ಕಿಲೋಗೂ ಹೆಚ್ಚು ಇಳಿಸಿ ವರ್ಷಕ್ಕೂ ಮಿಕ್ಕಿ ಉಳಿಸಿಕೊಂಡವರನ್ನು ಅಮೆರಿಕದಲ್ಲಿ 1994ರಿಂದ ನೋಂದಾಯಿಸುತ್ತ ಬಂದಿದ್ದಾರೆ. ಅವರ ಪಥ್ಯಗಳು ಹತ್ತಾರು ಬಗೆ, ಆದರೆ ಬಹುಪಾಲು ಜನ ದಿನಕ್ಕೆ ಸುಮಾರು ಒಂದು ಗಂಟೆ ಮೈ ಬಗ್ಗಿಸುವವರು, ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುವವರು.

2025ರಲ್ಲಿ ಭಾರತದ ಮಾರುಕಟ್ಟೆಗೂ ಬಂದ ತೂಕದ ಚುಚ್ಚುಮದ್ದುಗಳ ಗುಟ್ಟೂ ಹಸಿವೇ. ಸೆಮಾಗ್ಲುಟೈಡ್ 68 ವಾರದಲ್ಲಿ ತೂಕದ ಶೇ 15ರಷ್ಟನ್ನು ಇಳಿಸಿದ್ದು ಹಸಿವನ್ನು ತಣ್ಣಗಾಗಿಸಿ. ಬಿಟ್ಟ ಒಂದು ವರ್ಷದಲ್ಲಿ ಇಳಿದದ್ದರ ಮೂರರಲ್ಲಿ ಎರಡು ಪಾಲು ಮರಳಿತು. ಬೊಜ್ಜು ಕಾಯಿಲೆಯ ಮಟ್ಟಕ್ಕೆ ಹೋದವರಿಗೆ ಅದು ದೊಡ್ಡ ನೆರವು, ವೈದ್ಯರ ಕೈಯಲ್ಲಿದ್ದಾಗ. ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮುಂಚೆಯೂ ವೈದ್ಯರನ್ನು ಕೇಳಲೇಬೇಕು, ಸಕ್ಕರೆ ಕುಸಿದರೆ ಅಪಾಯ.

ಎಷ್ಟು ಇಳಿದರೆ ಸಾಕು? ತಕ್ಕಡಿಯೊಂದನ್ನೇ ನಂಬಿದರೆ ನಮ್ಮವರಿಗೆ ಮೋಸವಾಗುತ್ತದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ 2004ರಲ್ಲಿ ತಮ್ಮಿಬ್ಬರ ಚಿತ್ರವನ್ನೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರದೂ 22.3. ಮೈಕೊಬ್ಬು ಯಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ 21.2. ನೋಡಲು ಸಣಕಲು, ಒಳಗೆ ಕೊಬ್ಬು ಎಂಬುದು ನಮ್ಮ ಮೈಕಟ್ಟು. ಆದ್ದರಿಂದ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟದಂತೆ ನೋಡಿಕೊಳ್ಳಲು ನಮ್ಮ ವೈದ್ಯರು ಹೇಳುತ್ತಾರೆ. ಚೆನ್ನೈನ ಎ. ರಾಮಚಂದ್ರನ್ ಅವರ ತಂಡ ಮಧುಮೇಹದ ಅಂಚಿನಲ್ಲಿದ್ದವರಿಗೆ ದಿನವೂ ಅರ್ಧ ಗಂಟೆ ನಡೆಯಿರಿ, ಸಕ್ಕರೆ, ಪಾಲಿಶ್ ಅಕ್ಕಿ, ಎಣ್ಣೆ ಕಡಿಮೆ ಮಾಡಿ ಎಂದಷ್ಟೇ ಹೇಳಿ ಮೂರು ವರ್ಷ ಹಿಂಬಾಲಿಸಿತ್ತು. 2006ರಲ್ಲಿ ಫಲಿತಾಂಶ ಬಂದಾಗ, ಸಲಹೆ ಸಿಗದವರಿಗೆ ಹೋಲಿಸಿದರೆ ಅವರಲ್ಲಿ ಮಧುಮೇಹಕ್ಕೆ ತುತ್ತಾದವರು ಶೇ 28.5ರಷ್ಟು ಕಡಿಮೆ. ಅವರ ತೂಕ ಇಳಿದೇ ಇರಲಿಲ್ಲ ಎನ್ನಬಹುದು.